ಈಸ್ಟರ್ ಜೋಡು

ಅಲಬಾಮಾದ ನಮ್ಮ ಶಾಲೆಯ ಅಡುಗೆಮನೆಯನ್ನು ಇಪ್ಪತ್ತೆರಡು ವರ್ಷದಿಂದ ಆಳುತ್ತಿದ್ದವರು ಮಿಸ್ ವರ್ನೆಲ್. ಹೆಡ್‌ಮಾಸ್ತರಿಗೂ ಹೆದರದ ಮಕ್ಕಳು ಅವರ ಸೌಟಿಗೆ ಹೆದರುತ್ತಿದ್ದರು. ತಟ್ಟೆಯಲ್ಲಿ ಬೀನ್ಸ್ ಬಿಟ್ಟರೆ, "ಯಾಕೋ ದೊರೆ, ನಿಮ್ಮಜ್ಜಿ ಬಂದು ತಿನ್ಬೇಕಾ?" ಎನ್ನುವರು. ಹಸಿದ ಮಗುವಿಗೆ ಮಾತ್ರ ಕೇಳದೆಯೇ ಇನ್ನೊಂದು ತುಂಡು ಬ್ರೆಡ್ಡು ಬೀಳುತ್ತಿತ್ತು.

ಫೆಬ್ರವರಿಯಲ್ಲಿ ನಮ್ಮ ಕಪ್ಪು ಜನರ ಚರಿತ್ರೆಯ ಪಾಠ. ಮೂರನೇ ತರಗತಿಯ ಟೀಚರಾದ ನಾನು ಮಕ್ಕಳಿಂದ ಕಂದು ಕಾಗದದ ಮೇಲೆ ಅವರವರ ಪಾದ ಬರೆಸಿದೆ. ಹಿಂದೆ ನಮ್ಮವರು ಬಿಳಿಯರ ಅಂಗಡಿಯಲ್ಲಿ ಜೋಡು ಮೆಟ್ಟಿ ನೋಡುವಂತಿರಲಿಲ್ಲ. ಹೀಗೆ ಪಾದ ಗೀಚಿದ ಕಾಗದ ಒಯ್ದು ಕೊಳ್ಳಬೇಕಿತ್ತು. ಈಸ್ಟರ್ ಹಬ್ಬವೆಂದರೆ ಹೊಸ ಬಟ್ಟೆ, ಹೊಸ ಜೋಡು. ಆದರೆ ಸಾವಿರದ ಒಂಬೈನೂರ ಅರವತ್ತಮೂರರ ಈಸ್ಟರಿಗೆ ಊರಿನ ನಮ್ಮವರೆಲ್ಲ ಆ ಅಂಗಡಿಗಳಿಗೆ ಬಹಿಷ್ಕಾರ ಹಾಕಿ, ಹಳೇ ಬಟ್ಟೆ, ಹಳೇ ಜೋಡಿನಲ್ಲೇ ಚರ್ಚಿಗೆ ಹೋದರು. ಹಾಗೆ ಹೋದವರ ಹೆಸರನ್ನು ಕಾಗದದ ಪಾದಗಳ ಮೇಲೆ ಬರೆದು ಗೋಡೆಗೆ ಅಂಟಿಸಿದೆವು. ಮೊದಲ ಹೆಸರು ಮಿಸ್ ವರ್ನೆಲ್‌ರದು. ಆ ವಯಸ್ಸಿನವರೆಲ್ಲ ಬಹಿಷ್ಕಾರದಲ್ಲಿ ಇದ್ದೇ ಇದ್ದರೆಂದು ನಮ್ಮೂರಲ್ಲಿ ಯಾರೂ ಅವರನ್ನು ಕೇಳಿ ಬರೆಯುವುದಿಲ್ಲ. "ನನ್ನ ಬಿಡಿ ಟೀಚರ್, ಒಲೆ ಮೇಲೆ ಸಾರಿದೆ," ಎಂದರೂ ಬಿಡದೆ ಅವರನ್ನು ತರಗತಿಗೆ ಎಳೆದು ತಂದೆ. ಅದಕ್ಕಾಗಿ ಇವತ್ತಿಗೂ ನನ್ನನ್ನೇ ಶಪಿಸಿಕೊಳ್ಳುತ್ತೇನೆ.

ಗೋಡೆಯಲ್ಲಿ ತಮ್ಮ ಹೆಸರು ಕಂಡದ್ದೇ ಅವರು ಬೆಂಚಿನ ಮೇಲೆ ಕುಸಿದರು.

"ಅದನ್ನ ತೆಗೀರಿ. ನಾನು ಕೊಂಡ್ಕೊಂಡಿದ್ದೆ. ಹದಿನಾರು ವರ್ಷ ನಂಗೆ. ಅಂಗಡಿ ಹಿಂಬಾಗಿಲಿಂದ ಹೋಗಿ ಬಿಳೀ ಜೋಡು ತಂದೆ. ಶಿಕಾಗೋದಿಂದ ಸೋದರತ್ತೆ ಕಳ್ಸಿದ್ದು ಅಂತ ಚರ್ಚಲ್ಲಿ ಸುಳ್ಳು ಹೇಳ್ದೆ. ನಾನು ತಂದ ದಿನ ನಮ್ಮಕ್ಕ ಆರ್ಲೀಥಾ ಜೈಲಲ್ಲಿದ್ಲು. ಅದೇ ಅಂಗಡಿ ಮುಂದೆ ನಿಂತು ಜನರನ್ನ ತಡೆದಿದ್ದಕ್ಕೆ."

ಇಪ್ಪತ್ತೆರಡು ವರ್ಷ ಗಳಿಸಿದ ಮರ್ಯಾದೆಯನ್ನು ಆಕೆ ಎಂಟು ವರ್ಷದವರ ಮುಂದೆ ಸುರಿದುಬಿಟ್ಟಿದ್ದರು, ಅದೂ ನನ್ನ ಹಟಕ್ಕೆ. ನಾಚಿಕೆಯಿಂದ ಬಾಯಿಗೆ ಬಂದದ್ದು ಹೇಳಿದೆ: "ಚಿಕ್ಕ ವಯಸ್ಸು, ಬಿಡಿ."

"ಅಕ್ಕಂಗೂ ಹತ್ತೊಂಬತ್ತೇ, ಟೀಚರ್."

ಸುಮ್ಮನಿರಲು ಬಾರದ ಟಮೀಕಾ ಎಂಬ ಹುಡುಗಿ ಕೇಳಿಯೇಬಿಟ್ಟಳು: "ಅಕ್ಕಂಗೆ ಗೊತ್ತಾಯ್ತಾ? ಬೈದ್ರಾ?"

"ಬೈದಿದ್ರೆ ಅವತ್ತೇ ಮುಗೀತಿತ್ತು ಕಂದ. ಈಸ್ಟರ್ ಹಿಂದಿನ ಶನಿವಾರ ಜೈಲಿಂದ ಬಿಟ್ರು, ಮನೆಗೆ ಬಂದ್ಲು. ಮಂಚದ ಕೆಳಗೆ ಆ ಅಂಗಡಿಯ ಜೋಡಿನ ಡಬ್ಬಿ ನೋಡಿದ್ಲು. ಏನೂ ಅನ್ಲಿಲ್ಲ, ಸಾಯೋವರ್ಗೂ ಆ ಮಾತೆತ್ಲಿಲ್ಲ. ಮಾರನೇ ದಿನ ಚರ್ಚಿಗೆ ಹಾಕ್ಕೊಳೋಕೆ ತನ್ನ ಸವೆದ ಜೋಡಿಗೆ ಪಾಲಿಶ್ ಹಾಕಿದ್ಲು. ಆಮೇಲೆ ನನ್ನ ಹೊಸದನ್ನೂ ತೆಗೆದು, ಒರ್ಸಿ, ತನ್ನದರ ಪಕ್ಕದಲ್ಲೇ ಇಟ್ಲು."