ನಾನು ಈಜಿದ ನೀರು

ಮೊಣಕಾಲು ನೋವಿಗೆ ಡಾಕ್ಟರು ಹೇಳಿದರೆಂದು ನಲವತ್ತು ದಾಟಿದ ಮೇಲೆ ಈಜು ಕಲಿಯಲು ಹೋದವಳು ನಾನು. ಎಮ್ಮೆಯೂ ನನಗಿಂತ ಚೆನ್ನಾಗಿ ಈಜುತ್ತದೆ. ಆದರೂ ಬೀದರದಲ್ಲಿ ದೊಡ್ಡವರಿಗೆಂದು ಈಜು ಸ್ಪರ್ಧೆ ಇಟ್ಟಾಗ ಹಟದಿಂದ ಹೆಸರು ಕೊಟ್ಟೆ.

ಅದು ಬರದ ಬೇಸಿಗೆ. ಔರಾದ ಕಡೆಯ ನಮ್ಮೂರಿನ ಅರ್ಧ ಜನ ದುಡಿಯಲು ಹೈದರಾಬಾದಿಗೆ ಹೋಗಿದ್ದರು. ಇನ್ನು ಕೆಲವರು ಬೀದರದ ಅಂಚಿನ ನೌಬಾದದ ಬಯಲಲ್ಲಿ ತಗಡಿನ ಗುಡಿಸಲು ಹಾಕಿಕೊಂಡಿದ್ದರು. ಸ್ಪರ್ಧೆ ಮುಗಿದ ಕೂಡಲೇ ಈಜುಕೊಳ ಬಂದ್ ಮಾಡಿ, ಆ ನೀರನ್ನು ಅವರ ಬಟ್ಟೆ-ಭಾಂಡೆ ತೊಳೆಯಲು ಬಿಡುವುದೆಂದು ಮಾತಾಗಿತ್ತು.

ಉಳಿದವರೆಲ್ಲ ಗುರಿ ಮುಟ್ಟಿ ಮೇಲೇರಿದಾಗ ನಾನಿನ್ನೂ ಅರ್ಧದಲ್ಲಿದ್ದೆ. ಉಸಿರು ಕಟ್ಟುತ್ತಿತ್ತು. ಆಗ ದಂಡೆಯಿಂದ ಹೆಂಗಸರ ಕೂಗು ಕೇಳಿತು.

"ಲಗೂ ಬರ್ರಿ ಯಕ್ಕಾ! ಕೈ ಬೀಸ್ರಿ, ದಂಡಿ ಬಂತು!"

ನನಗಾಗಿ ಇಷ್ಟು ಜನ ಕೂಗುತ್ತಿದ್ದಾರಲ್ಲ ಎಂದು ಎದೆಯುಬ್ಬಿತು. ಕಾಲು ಬಡಿದೆ, ನೀರು ಕುಡಿದೆ, ಕಡೆಗೂ ಗೋಡೆ ಮುಟ್ಟಿದೆ.

ತಲೆಯೆತ್ತಿದರೆ ದಂಡೆಯುದ್ದಕ್ಕೂ ಖಾಲಿ ಕೊಡಗಳು. ಯಾರೂ ನನ್ನ ಮುಖ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ನೀರಿನ ಮೇಲಿದ್ದವು. ಬಾವಿಯೊಳಗೆ ಮನುಷ್ಯರಿದ್ದರೆ ನಮ್ಮ ಕಡೆ ಯಾರೂ ಕೊಡ ಮುಳುಗಿಸುವುದಿಲ್ಲ. ಊರು ಬಿಟ್ಟು ಬಂದರೂ ಇವರು ಆ ರೂಢಿ ಬಿಟ್ಟಿರಲಿಲ್ಲ.

ಮುದುಕಿಯೊಬ್ಬಳು ನನ್ನ ರಟ್ಟೆ ಹಿಡಿದು ಮೇಲಕ್ಕೆಳೆದಳು. ನನ್ನ ಎರಡೂ ಕಾಲು ನೀರಿನಿಂದ ಹೊರಬರುವವರೆಗೂ ನೋಡಿ, ಹಿಂದೆ ತಿರುಗಿ ಕೂಗಿದಳು:

"ಎದ್ದಳು ನೋಡ್ರೆವ್ವಾ. ಇನ್ನ ಕೊಡಾ ಮುಳುಗಸ್ರಿ."