ಬಸ್ಸಿನ ಹಿಂದೆ ಓಡದವರು

ಭದ್ರಾವತಿ ಓಲ್ಡ್ ಟೌನಿನಲ್ಲಿ ನಮ್ಮ ಪಕ್ಕದ ಮನೆಯವರು ಕಬ್ಬಿಣದ ಕಾರ್ಖಾನೆಯ ನಿವೃತ್ತ ಫಿಟ್ಟರ್, ಈಗ ನನ್ನಂತೆಯೇ ಓಟದ ಹುಚ್ಚಿನವರು. ವರ್ಷಕ್ಕೆ ಎರಡೇ ದೊಡ್ಡ ಓಟದ ಸ್ಪರ್ಧೆ, ಪ್ರತಿಯೊಂದಕ್ಕೂ ಹನ್ನೆರಡು ವಾರದ ತಯಾರಿ, ಕೊನೆಯ ವಾರ ಸಂಪೂರ್ಣ ವಿಶ್ರಾಂತಿ ಎಂದು ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದರು. “ಮೆಷಿನ್ನಿಗೂ ಶಟ್‌ಡೌನ್ ಬೇಕು ಮಾರಾಯ” ಎಂಬುದು ಅವರ ವೇದವಾಕ್ಯ. ಅವರನ್ನೊಮ್ಮೆ ಸೋಲಿಸುವುದು ನನ್ನ ಜೀವನದ ಏಕೈಕ ಧ್ಯೇಯ.

ಶಿವಮೊಗ್ಗದ ಓಟದ ಹಿಂದಿನ ದಿನ ಇಬ್ಬರೂ ಎದೆಗೆ ಅಂಟಿಸಿಕೊಳ್ಳುವ ನಂಬರ್ ಚೀಟಿ ತರಲು ಅಲ್ಲಿಗೆ ಹೊರಟೆವು. ಸಂಜೆ ಐದಕ್ಕೆ ಕೌಂಟರ್ ಬಂದ್. ಅಷ್ಟರೊಳಗೆ ತಲುಪಿಸುವ ಕೊನೆಯ ಬಸ್ಸು ಕಣ್ಣೆದುರೇ ಹೊರಟಿತು.

“ಓಡಿ ಸಾರ್!”

“ವಿಶ್ರಾಂತಿ ವಾರ,” ಎಂದು ದಿಬ್ಬಣದ ಬೀಗರಂತೆ ನಡೆದೇ ಬಂದರು.

ನಾನೇ ಓಡಿ ಬಸ್ಸು ನಿಲ್ಲಿಸಿದೆ.

ಮರುದಿನ ಅವರಿಗಿಂತ ಹತ್ತು ಸೆಕೆಂಡ್ ಹಿಂದೆ ಬಿದ್ದೆ.

“ನಿನ್ನೆ ಬಸ್ಸಿನ ಹಿಂದೆ ಓಡದಿದ್ರೆ ಇವತ್ತು ನೀನೇ ಗೆಲ್ತಿದ್ದೆ,” ಎಂದರು.

“ಓಡದಿದ್ರೆ ಇಬ್ರಿಗೂ ನಂಬರೇ ಸಿಗ್ತಿರ್ಲಿಲ್ಲ ಸಾರ್!”

“ಅದಕ್ಕೇ ಮಾರಾಯ, ಮುಂದಿನ ಸಲವೂ ನಿನ್ನ ಕರ್ಕೊಂಡೇ ಬರ್ತೀನಿ.”