ಪಲ್ಲವಿಗೆ ನಾಲ್ಕು ಚೌಕ

ನಮ್ಮ ಭಾವ ದರ್ಜಿ. ಹೇಳಿದ ದಿನಕ್ಕೆ ಬಟ್ಟೆ ಕೊಟ್ಟ ಕಳಂಕ ಅವರಿಗೆ ಅಂಟಿರಲಿಲ್ಲ. ಇದನ್ನು ನಾನು ನಿಂದೆಯಾಗಿ ಹೇಳುತ್ತಿಲ್ಲ. ಅವರ ಕಲೆ ಹುಟ್ಟಿದ್ದೇ ಆ ವಿಳಂಬದ ಹೊಟ್ಟೆಯಲ್ಲಿ, ಹಾಗಾಗಿ ಇಲ್ಲಿಂದಲೇ ಶುರು ಮಾಡಬೇಕು.

ಅಂಗಡಿ ಎಂದರೆ ಒಂದು ಉದ್ದನೆಯ ಕೋಣೆ. ಮುಂದೆ ಬಟ್ಟೆ ಕತ್ತರಿಸುವ ಮೇಜು, ಅದರ ಹಿಂದೆ ಎರಡು ಹೊಲಿಗೆ ಯಂತ್ರ, ಮೂಲೆಯಲ್ಲಿ ಪರದೆ ಬಿಟ್ಟ ಟ್ರಯಲ್ ರೂಮು, ಗೋಡೆಗೆ ಒರಗಿಸಿದ ಒಂದು ಬೆಂಚು. ಆ ಬೆಂಚಿನ ಮೇಲೆ ಯಾವಾಗಲೂ ಯಾರಾದರೊಬ್ಬರು ಕೂತಿರುತ್ತಾರೆ, ಕೂತವರು ಯಾವಾಗಲೂ ಸಿಟ್ಟಿನಲ್ಲಿರುತ್ತಾರೆ. "ಇನ್ನೇನು, ಗುಂಡಿ ಒಂದು ಹಾಕಿಬಿಟ್ರೆ ಆಯ್ತು" ಎಂದು ಭಾವ ಹೇಳಿದರೆ, ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿಲ್ಲ ಎಂದು ಅರ್ಥ.

ಒಂದು ದಿನ ಬೆಂಚಿನ ಮೇಲೆ ಒಬ್ಬ ಬ್ಯಾಂಕಿನವರು ಕೂತಿದ್ದರು. ಪ್ಯಾಂಟಿಗೆ ಅವರು ಬಂದದ್ದು ಎಷ್ಟನೆಯ ಸಲವೋ. ರೇಡಿಯೊದಲ್ಲಿ ಯಾವುದೋ ಹಾಡು. ಯಂತ್ರದ ಟರಟರದಲ್ಲಿ ಅದು ಅರ್ಧ ಕೇಳಿಸುತ್ತಿತ್ತು, ಅರ್ಧ ಇಲ್ಲ.

"ಏನ್ರೀ ಈ ಹಾಡು? ನಿಮ್ಮ ಹಾಗೇ. ಏನ್ ಹೇಳುತ್ತೆ ಅಂತ್ಲೇ ಗೊತ್ತಾಗಲ್ಲ."

ಭಾವನಿಗೆ ಚುರುಕ್ ಎಂದಿತು. ಪ್ಯಾಂಟಿನ ವಿಷಯಕ್ಕಲ್ಲ, ಹಾಡಿನ ವಿಷಯಕ್ಕೆ. ಅಳತೆಯ ನಮೂನೆ ಕತ್ತರಿಸುವ ಖಾಕಿ ಕಾಗದವನ್ನು ಮೇಜಿನ ಮೇಲೆ ಹರಡಿ, ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ಹಾಡಿನ ಒಂದೊಂದು ಸಾಲಿಗೆ ಒಂದೊಂದು ಚೌಕ ಹಾಕಿ, ಒಳಗೆ ಚಿತ್ರ ಬಿಡಿಸಿ, ಅದರ ಕೆಳಗೆ ಸಾಲು ಬರೆದು, ಬ್ಯಾಂಕಿನವರ ತೊಡೆಯ ಮೇಲೆ ಇಟ್ಟರು. ಅವರು ಒಂದು ಸಲ ನೋಡಿದರು. ಮತ್ತೊಂದು ಸಲ ನೋಡಿದರು. ಆಮೇಲೆ ಅದನ್ನು ಸುರುಳಿ ಸುತ್ತಿಕೊಂಡು, ಹಾಡನ್ನು ಗುನುಗುತ್ತಾ, ಪ್ಯಾಂಟನ್ನು ಮರೆತು ಮನೆಗೆ ಹೋದರು. ಭಾವನಿಗೆ ಇನ್ನೂ ಒಂದು ವಾರ ಸಿಕ್ಕಿತು.

ಅವತ್ತಿನಿಂದ ಆ ಅಂಗಡಿಯ ಗೋಡೆಗಳ ಮೇಲೆ ಹಾಡುಗಳು ಏರತೊಡಗಿದವು. ಬೆಂಚಿನವರು ಓದುತ್ತಾರೆ, ನಗುತ್ತಾರೆ, ಒಬ್ಬೊಬ್ಬರು ಮೂಗೊರೆಸಿಕೊಳ್ಳುತ್ತಾರೆ. ಟ್ರಯಲ್ ರೂಮಿನೊಳಗೆ ಅಂಟಿಸಿದ ಮೇಲಂತೂ ಒಳಗೆ ಹೋದವರು ಹೊರಗೆ ಬರುವುದೇ ನಿಂತಿತು. ಆಚೆ ಕಾಯುವವರು ಪರದೆ ಎಳೆದು ಕೇಳಬೇಕಾಗುತ್ತಿತ್ತು: "ಅಂಗಿ ಹಾಕ್ಕೊಂಡ್ರಾ, ಇಲ್ಲ ಇನ್ನೂ ಎರಡನೇ ಚರಣದಲ್ಲಿದ್ದೀರಾ?"

ನಾನು ಪತ್ರಿಕೆಗಳಿಗೆ ಹಾಸ್ಯ ಬರೆಯುವವನು. ಚಿತ್ರಕಲೆಯ ಬಗ್ಗೆಯೂ ಎರಡು ಮಾತು ಗೊತ್ತು ಎಂಬ ಭ್ರಮೆ ಉಂಟು. ಆದ್ದರಿಂದ ಒಮ್ಮೆ ಗಂಭೀರವಾಗಿ, "ಭಾವ, ನಿಮ್ಮ ಶೈಲಿ ಯಾವುದು?" ಎಂದೆ.

"ಶೈಲಿ ಗೈಲಿ ಗೊತ್ತಿಲ್ಲಯ್ಯಾ. ಮೊದಲು ಅಳತೆ ತಗೋತೀನಿ. ಎಳೆದು ಹಾಡಿದ್ರೆ ಅಗಲದ ಚೌಕ. ಚಕಚಕ ಹಾಡಿದ್ರೆ ಸಣ್ಣ ಸಣ್ಣ ಚೌಕ. ಬರೀ ವಾದ್ಯ ಬಂದಾಗ ಮಾತಿಲ್ಲದ ಚಿತ್ರ."

"ಮತ್ತೆ ಪಲ್ಲವಿ? ಅದು ತಿರುಗಿ ತಿರುಗಿ ಬರುತ್ತಲ್ಲ?"

"ಬರುತ್ತೆ. ಬಂದಾಗಲೆಲ್ಲ ಅದೇ ಚೌಕ. ಅಳತೆ ಅದೇ, ಜಾಗ ಅದೇ. ಆದ್ರೆ ಒಳಗೆ ಏನೋ ಒಂದು ಬದಲಾಗಿರ್ಬೇಕು. ಅಷ್ಟು ಹೊತ್ತಿಗೆ ಒಂದು ಚರಣ ಕಳೆದಿರುತ್ತಲ್ಲ, ಹಾಡಿಗೆ ಅಷ್ಟು ವಯಸ್ಸಾಗಿರುತ್ತೆ."

ಒಳಗಿನ ಯಂತ್ರದಲ್ಲಿ ಕೂತಿದ್ದ ಅಕ್ಕ ತಲೆ ಎತ್ತದೆ, "ಗಿರಾಕಿಗಳಿಗೂ ಆಗುತ್ತೆ" ಎಂದಳು.

ನಮ್ಮ ಬಡಾವಣೆಯ ಗಾಯನ ತಂಡಕ್ಕೆ ಹತ್ತು ವರ್ಷ ತುಂಬಿದಾಗ ಈ ಖ್ಯಾತಿ ಅಂಗಡಿಯಿಂದ ಹೊರಗೆ ಕಾಲಿಟ್ಟಿತು. ತಂಡದ ಹಾಡುಗಳನ್ನು ಬರೆಯುವವರು ಒಬ್ಬ ವಿಮಾ ಏಜೆಂಟರು. ಊರೆಲ್ಲ ಅವರನ್ನು ಪಾಲಿಸಿ ಕವಿ ಎನ್ನುತ್ತದೆ. ಎದುರಿಗೆ ಮಾತ್ರ ಬರೀ ಕವಿಗಳು. ಭಾನುವಾರ ಸಂಜೆಯ ಕಾರ್ಯಕ್ರಮಕ್ಕೆ ಅವರ ಹೊಸ ಹಾಡೊಂದು ಸಿದ್ಧವಾಗಿತ್ತು. ಅದನ್ನು ಚಿತ್ರಗಳಲ್ಲಿ ಅಚ್ಚು ಹಾಕಿಸಿ, ಬಂದವರ ಕೈಗೆಲ್ಲ ಒಂದೊಂದು ಪುಸ್ತಿಕೆ ಕೊಡಬೇಕು, ಹಾಡುವಾಗ ಜನ ಪುಟ ತಿರುಗಿಸುತ್ತಾ ಹೋಗಬೇಕು ಎಂದು ತಂಡದವರು ನಿಶ್ಚಯಿಸಿ ಭಾವನ ಬಳಿ ಬಂದರು.

ಕವಿಗಳು ಮೊದಲೇ ಎಚ್ಚರಿಸಿದರು. "ನೋಡಿ, ನನ್ನ ಸಾಲುಗಳಲ್ಲಿ ಧ್ವನಿ ಇರುತ್ತೆ. ಅದನ್ನ ಬಿಡಿಸೋದು ಕಷ್ಟ."

"ಧ್ವನಿ ನೀವೇ ಇಟ್ಕೊಳ್ಳಿ ಸಾರ್. ನನಗೆ ಸಾಲು ಕೊಡಿ ಸಾಕು."

ಸಾಲು ಇದ್ದದ್ದು ಹೀಗೆ:

ಇನ್ನೊಂದು ತಟ್ಟೆಯ ಇಡು, ಯಾರೋ ಬರುವರು,
ಹಸಿದು ಬರುವರೋ, ನೆನೆದು ಬರುವರೋ.

ಮೂರು ಚರಣ, ನಾಲ್ಕು ಸಲ ಈ ಪಲ್ಲವಿ. ಭಾವ ಪಲ್ಲವಿಗೆ ಹಾಕಿದ್ದು ಮೇಲಿನಿಂದ ನೋಡಿದಂತೆ ಮೂರು ತಟ್ಟೆ. ಮುಖಗಳಿಲ್ಲ, ಅಂಚಿನಲ್ಲಿ ಕೈಗಳು ಮಾತ್ರ. ಮೊದಲ ಸಲ ಎರಡು ತಟ್ಟೆಗಳ ಪಕ್ಕ ಎಳೆಯ ದಂಪತಿಯ ಕೈಗಳು, ಮೂರನೆಯದು ಖಾಲಿ. ಎರಡನೆಯ ಸಲ ಮೂರನೆಯ ತಟ್ಟೆಯ ಅಂಚನ್ನು ಒಂದು ಮಗುವಿನ ಪುಟ್ಟ ಕೈ ಹಿಡಿದಿದೆ. ಮೂರನೆಯ ಸಲ ಮಗು ಬೆಳೆದು ಹೊರಟುಹೋಗಿದೆ, ಆ ತಟ್ಟೆ ಮತ್ತೆ ಖಾಲಿ, ದಂಪತಿಯ ಕೈಗಳಲ್ಲಿ ನರ ಎದ್ದಿವೆ. ನಾಲ್ಕನೆಯ ಸಲ ಮೊದಲಿನ ಎರಡು ತಟ್ಟೆಗಳಲ್ಲಿ ಒಂದರ ಪಕ್ಕ ಯಾರೂ ಇಲ್ಲ, ಇನ್ನೊಂದರ ಪಕ್ಕ ಸುಕ್ಕುಗಟ್ಟಿದ ಒಂದು ಕೈ, ಮೂರನೆಯದರ ಪಕ್ಕ ದೊಡ್ಡದೊಂದು ಕೈ, ಅದರ ಮೇಲೆ ಹೊಸದೊಂದು ಪುಟ್ಟ ಕೈ.

ಅಂಗಡಿಯ ಆಚೆ ಭಾವನ ಕೆಲಸ ಹೋಗುತ್ತಿದ್ದದ್ದು ಅದೇ ಮೊದಲು. ಬೆಂಚಿನ ಮೇಲೆ ಕೂತವರಿಗೆಲ್ಲ ಹೇಳಿದ್ದರು, ಬೀದಿಯ ಆಚೆ ಬದಿಯಲ್ಲಿ ಹೋಗುತ್ತಿದ್ದವರನ್ನು ಕರೆದೂ ಹೇಳಿದ್ದರು. "ಬರ್ಬೇಕು ಮತ್ತೆ. ಮುಂದೆಯೇ ಕೂರ್ಬೇಕು." ತಮಗೂ ಒಂದು ಹೊಸ ಕೋಟು ಹೊಲಿದುಕೊಳ್ಳುತ್ತಿದ್ದರು. ಅದಕ್ಕೆ ತೋಳು ಇನ್ನೂ ಕೂಡಿಸಿರಲಿಲ್ಲ.

ಶನಿವಾರ ಬೆಳಿಗ್ಗೆ ಪ್ರೆಸ್ಸಿನವನು ಪುಸ್ತಿಕೆಗಳ ಕಟ್ಟು ತಂದು ಮೇಜಿನ ಮೇಲೆ ಇಟ್ಟ. ಅವನ ಹಿಂದೆಯೇ ಪಾಲಿಸಿ ಕವಿ ಬಂದರು. ಭಾವ ಕೈ ತೊಳೆದುಕೊಂಡು ಬಂದು, ಒಂದನ್ನು ಬಿಡಿಸಿ, ಒಂದು ಪುಟ ತಿರುಗಿಸಿ, ಇನ್ನೊಂದು ತಿರುಗಿಸಿ, ಹಾಗೇ ನಿಂತುಬಿಟ್ಟರು.

ಪಲ್ಲವಿಯ ಚೌಕ ಒಂದೇ ಇತ್ತು. ಮಿಕ್ಕ ಮೂರು ಜಾಗಗಳಲ್ಲಿ, ಮೂರು ಸಲ, ಕವಿಗಳ ಭಾವಚಿತ್ರ.

"ಇದೇನಪ್ಪಾ?"

"ಅದಾ? ನೀವು ಒಂದೇ ಚಿತ್ರ ನಾಲ್ಕು ಸಲ ಕೊಟ್ಟುಬಿಟ್ಟಿದ್ರಿ" ಎಂದ ಪ್ರೆಸ್ಸಿನವನು ಉದಾರವಾಗಿ. "ಅವೇ ಮೂರು ತಟ್ಟೆ. ಎಲ್ಲೋ ಮರೆತು ಮತ್ತೆ ಮತ್ತೆ ಬಿಡಿಸಿದ್ದಾರೆ ಅಂದ್ಕೊಂಡು ಮೂರನ್ನ ತೆಗೆದೆ. ಜಾಗ ಖಾಲಿ ಉಳೀತಲ್ಲ, ಕವಿಗಳ ಫೋಟೊ ಹಾಕಿದೆ. ಅದಕ್ಕೆ ನೀವು ಥ್ಯಾಂಕ್ಸೇನೂ ಹೇಳೋದು ಬೇಡ, ಪ್ರೀತಿಯಿಂದ ಮಾಡಿದ್ದು."

"ಅಲ್ಲಯ್ಯಾ, ಅಂಗಿ ಗುಂಡಿಗಳೆಲ್ಲ ಒಂದೇ ತರ ಇರ್ತವೆ. ಹಾಗಂತ ಮೇಲಿನದೊಂದು ಹಾಕಿ ಮಿಕ್ಕ ಕಡೆಯೆಲ್ಲ ನಿನ್ನ ಫೋಟೊ ಅಂಟಿಸಿ ಕಳಿಸ್ಲಾ?"

ಪ್ರೆಸ್ಸಿನವನು ತಲೆ ತಗ್ಗಿಸಿ ತನ್ನ ಅಂಗಿಯನ್ನೇ ನೋಡಿಕೊಂಡ. ಕವಿಗಳು ಅಷ್ಟರಲ್ಲಿ ಒಂದು ಪ್ರತಿಯನ್ನು ಬೆಳಕಿಗೆ ಹಿಡಿದು, ದೂರ ಮಾಡಿ, ಹತ್ತಿರ ಮಾಡಿ ನೋಡುತ್ತಿದ್ದರು.

"ಹಾಗೆ ನೋಡಿದ್ರೆ ತುಂಬಾ ಕೆಟ್ಟದಾಗೇನೂ ಬಂದಿಲ್ಲ" ಎಂದರು. "ಹಳೇ ಫೋಟೊ. ಕೂದಲು ಚೆನ್ನಾಗಿ ಬಂದಿದೆ. ಪಲ್ಲವಿ ಬಂದಾಗ ಜನ ಕವಿಯನ್ನ ನೆನೆಸ್ಕೊಳ್ಳೋದೂ ಒಂದು ರೀತಿ..."

"ಹಸಿದು ಬರುವರೋ ಅನ್ನೋ ಸಾಲಿಗೆ ನಿಮ್ಮ ಮುಖವಾ?" ಎಂದಳು ಅಕ್ಕ. "ಊಟ ಮುಗಿಸಿ ಬಂದ ಹಾಗಿದೆ."

ಭಾವ ಬೀರುವಿನಿಂದ ಮೂಲ ಚಿತ್ರವಿದ್ದ ಖಾಕಿ ಕಾಗದ ತೆಗೆದು ಮೇಜಿನುದ್ದಕ್ಕೂ ಹಾಸಿದರು. "ಒಂದು ಸಲ ಓದಿ ಸಾರ್. ಆಮೇಲೆ ಹೇಗೆ ಹೇಳ್ತೀರೋ ಹಾಗೆ. ಹಾಡು ನಿಮ್ಮದು."

ಕವಿಗಳು ಓದತೊಡಗಿದರು. ಮೊದಲು ಗುನುಗುತ್ತಾ ಓದಿದರು, ಎರಡನೆಯ ಚರಣದ ಹೊತ್ತಿಗೆ ಗುನುಗು ನಿಂತಿತು. ಮೂರನೆಯ ಸಲ ತಟ್ಟೆ ಖಾಲಿಯಾದಲ್ಲಿ ಕನ್ನಡಕ ತೆಗೆದು ಒರೆಸಿಕೊಂಡರು. ಕೊನೆಯ ಚೌಕದ ಪುಟ್ಟ ಕೈಯ ಮೇಲೆ ಬೆರಳಿಟ್ಟು ನಿಂತರು.

"ಇದನ್ನ ನಾನು ಬರೆದಿದ್ನಾ?" ಎಂದರು ಮೆಲ್ಲಗೆ.

"ನೀವೇ ಬರೆದಿದ್ದು. ನಾಲ್ಕು ಸಲ ಬರೆದಿದ್ರಿ, ಅದಕ್ಕೇ ನಾಲ್ಕು ಸಲ ಬಿಡಿಸಿದೆ."

ಕವಿಗಳು ಪುಸ್ತಿಕೆಯಲ್ಲಿನ ತಮ್ಮ ಮುಖವನ್ನೂ, ಕಾಗದದ ಮೇಲಿನ ಪುಟ್ಟ ಕೈಯನ್ನೂ ಒಂದಾದ ಮೇಲೊಂದು ನೋಡಿದರು. ಒಳಗೆ ದೊಡ್ಡದೊಂದು ಯುದ್ಧ ನಡೆದಿರಬೇಕು. ಆ ಕೂದಲು ಇನ್ನೊಮ್ಮೆ ಅಚ್ಚಾಗುವ ಭರವಸೆ ಇರಲಿಲ್ಲವಲ್ಲ.

"ಮತ್ತೆ ಎಲ್ಲವನ್ನೂ ಅಚ್ಚು ಹಾಕೋಕಾಗುತ್ತೇನಪ್ಪಾ?"

"ನಾಳೆ ಸಂಜೆಯೊಳಗೆ ಇಡೀ ಪುಸ್ತಿಕೆ ಆಗಲ್ಲ ಸಾರ್" ಎಂದ ಪ್ರೆಸ್ಸಿನವನು. "ಬೇಕಾದ್ರೆ ಆ ಮೂರು ಚಿತ್ರ ಮಾತ್ರ ಚೀಟಿ ತರ ಹೊಡೆದು ತರ್ತೀನಿ. ಆದ್ರೆ ಅಂಟಿಸಿದ್ರೆ ಈ ಕಾಗದ ಮುದುಡಿಹೋಗುತ್ತೆ."

"ಅಂಟಿಸೋದು ಯಾಕೆ?" ಎಂದರು ಭಾವ. "ಅಂಗಿಗೆ ಜೇಬು ಅಂಟಿಸ್ತಾರಾ?"

ಎಲ್ಲರೂ ಕವಿಗಳ ಕಡೆ ನೋಡಿದರು. ಅವರು ಒಂದು ಸಲ ಉಸಿರೆಳೆದುಕೊಂಡು, ಮಾತಿಗೊಂದು ಗಾಂಭೀರ್ಯ ತಂದುಕೊಂಡು ಹೇಳಿದರು: "ಹೊಲಿಯಿರಿ. ನನ್ನ ಮುಖದ ಮೇಲೇ ಹೊಲಿಯಿರಿ. ಮೇಲಿನ ಅಂಚು ಮಾತ್ರ ಹೊಲಿದ್ರೆ ಸಾಕು. ಬೇಕಾದವರು ಎತ್ತಿ ನೋಡ್ಕೋತಾರೆ."

"ಬೇಕಾದವರು" ಎಂದು ಅಕ್ಕ ಆ ಒಂದು ಪದವನ್ನು ಮೆಲ್ಲಗೆ ಅಗಿದಳು.

ಮಧ್ಯಾಹ್ನದ ಹೊತ್ತಿಗೆ ಚೀಟಿಗಳು ಬಂದವು. ಭಾವ ಯಂತ್ರಕ್ಕೆ ಹೊಸ ಸೂಜಿ ಹಾಕಿ, ಹೊಲಿಗೆ ದೂರ ದೂರ ಬೀಳುವಂತೆ ತಿರುಪು ತಿರುಗಿಸಿಕೊಂಡರು. ಒತ್ತೊತ್ತಾಗಿ ಹೊಲಿದರೆ ತೂತುಗಳ ಸಾಲಿನಲ್ಲಿ ಕಾಗದ ಹರಿದುಹೋಗುತ್ತದಂತೆ. ಒಂದು ಯಂತ್ರದಲ್ಲಿ ಅವರು, ಇನ್ನೊಂದರಲ್ಲಿ ಅಕ್ಕ. ಪ್ರೆಸ್ಸಿನವನು ಚೀಟಿಗಳನ್ನು ನೇರಕ್ಕೆ ಇಟ್ಟುಕೊಡುವುದು. ಪಾಲಿಸಿ ಕವಿ ಬೆಂಚಿನ ಮೇಲೆ ಕೂತು ದಾರದ ತುದಿಗಳನ್ನು ಕತ್ತರಿಸುವುದು. ನಾನು ಮೇಲ್ವಿಚಾರಣೆಗೆಂದು ಕೈ ಕಟ್ಟಿ ನಿಂತೆ.

"ಲೇಖಕರೇ" ಎಂದಳು ಅಕ್ಕ, "ನಿಂತಲ್ಲೇ ಬೇರು ಬಿಡ್ಬೇಡ. ಬಾಬಿನ್‌ಗೆ ದಾರ ಸುತ್ತು."

ಸುತ್ತಿದೆ. ಸಡಿಲವಾಯಿತಂತೆ, ಬಿಚ್ಚಿ ಮತ್ತೆ ಸುತ್ತಿದೆ. ಪಕ್ಕದಲ್ಲಿ ಕವಿಗಳು ಕತ್ತರಿ ಆಡಿಸುತ್ತಾ, ಪ್ರತಿಯೊಂದು ಚೀಟಿಯನ್ನೂ ಒಮ್ಮೆ ಎತ್ತಿ, ಕೆಳಗಿನ ತಮ್ಮನ್ನು ನೋಡಿ, ಮತ್ತೆ ಮುಚ್ಚುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಎತ್ತುವುದನ್ನು ಬಿಟ್ಟು ಮೇಲಿನ ಚಿತ್ರವನ್ನೇ ನೋಡತೊಡಗಿದರು. ಅಂಗಿ ಕೇಳಲು ಬಂದ ಇಬ್ಬರು ಗಿರಾಕಿಗಳನ್ನೂ ಕೂರಿಸಿ ಹೊಲಿದ ಪುಸ್ತಿಕೆ ಜೋಡಿಸಲು ಹಚ್ಚಿದ್ದಾಯಿತು. ಅವರಿಗೆ ಅಂಗಿಯ ನೆನಪು ಬಂದದ್ದು ಮನೆ ಮುಟ್ಟಿದ ಮೇಲೆ.

ಬೀದಿದೀಪ ಹತ್ತುವ ಮೊದಲೇ ಕೊನೆಯ ಪುಸ್ತಿಕೆ ಮುಗಿಯಿತು.

"ನೋಡಿದ್ಯೇನೋ?" ಎಂದಳು ಅಕ್ಕ ನನಗೆ. "ಮದುವೆಯಾದಾಗಿನಿಂದ ಮೊದಲ ಸಲ ಇವರು ಹೇಳಿದ ದಿನಕ್ಕೆ ಮುಗಿಸಿದ್ರು." ದನಿಯಲ್ಲಿ ಕೊಂಕು ಇತ್ತು ನಿಜ. ಆದರೆ ಹೇಳುವಾಗ ಒಂದು ಪುಸ್ತಿಕೆಯನ್ನು ಎದೆಗೊತ್ತಿ ಹಿಡಿದಿದ್ದಳು, ಅದು ಅವಳಿಗೇ ಗೊತ್ತಿರಲಿಲ್ಲ.

ಭಾನುವಾರ ಸಭಾಂಗಣ ತುಂಬಿತು. ಭಾವ ಹಳೆಯ ಕೋಟಿನಲ್ಲೇ ಬಂದು, ಅಕ್ಕನೂ ನಾನೂ ಕೂತಿದ್ದ ಕೊನೆಯ ಸಾಲಿನ ಪಕ್ಕ ನಿಂತರು. ಕೂರಿ ಎಂದರೂ ಕೂರಲಿಲ್ಲ. ತಂಡ ಹಾಡು ಎತ್ತಿಕೊಂಡಿತು. ಮೊದಲ ಚರಣ ಮುಗಿದು ಪಲ್ಲವಿ ಬಂದಾಗ ನೂರಾರು ಪುಟಗಳು ಒಟ್ಟಿಗೆ ಸರಕ್ಕೆಂದವು, ಜನರ ತಲೆಗಳು ಒಂದೇ ಸಲ ಬಾಗಿದವು. ಯಾರೋ "ಅಯ್ಯೋ, ಪಾಪು!" ಎಂದರು. ಎರಡನೆಯ ಚರಣ ಮುಗಿದಾಗ ಮತ್ತೆ ಸರಕ್. ಹಾಡು ಅವರು ಹಿಂದೆಂದೂ ಕೇಳಿದ್ದಲ್ಲ, ಆದರೂ ಚೌಕ ಕಂಡ ಕೂಡಲೇ ಅಲ್ಲೊಬ್ಬರು ಇಲ್ಲೊಬ್ಬರು ದನಿ ಸೇರಿಸತೊಡಗಿದರು. ಮೂರನೆಯ ಚರಣದ ಕೊನೆಯಲ್ಲಿ ಹಾಡಿದ್ದು ತಂಡವೋ ಸಭೆಯೋ ಹೇಳುವುದು ಕಷ್ಟ. ಒಂದು ಚೀಟಿಯೂ ಕಿತ್ತುಬರಲಿಲ್ಲ. ನಾನು ಸುತ್ತಿದ ದಾರವೂ ಹಿಡಿದುಕೊಂಡಿತ್ತು ಎಂಬುದನ್ನು ದಾಖಲೆಗಾಗಿ ಹೇಳುತ್ತೇನೆ.

ಹಾಡು ಮುಗಿಯಿತು. ಚಪ್ಪಾಳೆ ಬರಲಿಲ್ಲ, ಎಲ್ಲರ ಕೈಗಳೂ ಆ ಕೊನೆಯ ಪುಟದ ಮೇಲಿದ್ದವು. ತಂಡದ ಮುಖ್ಯ ಗಾಯಕಿ ಒಂದು ಗಳಿಗೆ ತಬ್ಬಿಬ್ಬಾಗಿ, ಏನು ಮಾಡಲೂ ತೋಚದೆ, ಪಲ್ಲವಿಯನ್ನು ಮತ್ತೊಮ್ಮೆ ಎತ್ತಿಕೊಂಡರು. ಐದನೆಯ ಸಲ.

ಭಾವ ನನ್ನ ತೋಳು ಹಿಡಿದರು. "ಅಯ್ಯಯ್ಯೋ, ಇದಕ್ಕೆ ಚೌಕ ಇಲ್ಲ ಕಣಯ್ಯಾ! ಈಗ ಎಲ್ಲಿ ನೋಡ್ತಾರೆ?"

"ರೀ, ಮುಂದೆ ನೋಡ್ರೀ" ಎಂದಳು ಅಕ್ಕ.

ಪುಟ ಮುಗಿದುಹೋದ ಜನ ತಲೆ ಎತ್ತಿದ್ದರು. ಕಾಗದದಲ್ಲಿ ನೋಡಲು ಏನೂ ಇರಲಿಲ್ಲವಾದ್ದರಿಂದ ಅಕ್ಕಪಕ್ಕದವರ ಮುಖ ನೋಡುತ್ತಾ, ಇನ್ನೊಂದು ತಟ್ಟೆಯ ಇಡು ಎಂದು ಗಟ್ಟಿಯಾಗಿ ಹಾಡುತ್ತಿದ್ದರು. ಮುಂದಿನ ಸಾಲಿನಲ್ಲಿ ಪಾಲಿಸಿ ಕವಿಯೂ ಎದ್ದು ನಿಂತು ಹಾಡುತ್ತಿದ್ದರು, ಪುಸ್ತಿಕೆ ಮಡಚಿ ಜೇಬಿಗೆ ಸೇರಿತ್ತು.

ಅಕ್ಕನ ಪಕ್ಕದಲ್ಲಿ ಕೂತಿದ್ದ ಹೆಂಗಸು ಹಾಡಿನ ನಡುವೆಯೇ ಬಾಗಿ, "ಈ ಚಿತ್ರ ಯಾರು ಬಿಡಿಸಿದ್ದು ಗೊತ್ತಾ?" ಎಂದು ಕೇಳಿದರು.

"ನಮ್ಮನೆಯವರು" ಎಂದಳು ಅಕ್ಕ. ಸಭಾಂಗಣ ಅಷ್ಟು ಗದ್ದಲದಲ್ಲಿದ್ದರೂ ಅದು ನಾಲ್ಕು ಸಾಲಿನಾಚೆ ಕೇಳಿಸಿತು.

ಭಾವನಿಗೆ ಮಾತ್ರ ಕೇಳಿಸಲಿಲ್ಲ. ಅವರು ಹಾಡುವ ತಲೆಗಳನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಅಳೆಯುತ್ತಾ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು: "ಕೊನೇಲಿ ಒಂದು ಖಾಲಿ ಚೌಕ ಬಿಡ್ಬೇಕು. ಅಗಲವಾಗಿಯೇ ಬಿಡ್ಬೇಕು."